ಹೆಗ್ಗದ್ದೆ ಕಣದಲ್ಲಿ ಜನರೇಟರ್ ಆರಿಸಿದ್ದು ನಾನೇ

ಹೆಸರು: ರಾಜಲಕ್ಷ್ಮಮ್ಮ ಕೋಂ ಲೇಟ್ ವೆಂಕಟೇಶ
ವಯಸ್ಸು: 67 ವರ್ಷ
ಕಸುಬು: ಕಾಫಿ ಬೆಳೆ, ಮೂರೂವರೆ ಎಕರೆ
ವಾಸ: ಹೆಗ್ಗದ್ದೆ ಗ್ರಾಮ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ

ಪ್ರಜ್ವಲ್ ಎಂಬುವವರು ನನ್ನ ಮೇಲೆ ದೂರು ಕೊಟ್ಟಿದ್ದಾರೆಂದು ಠಾಣೆಯಿಂದ ಫೋನ್ ಬಂದ ಕಾರಣ ಈ ದಿನ 29-01-2024ರಂದು ಬೆಳಿಗ್ಗೆ 10-20ಕ್ಕೆ ಹಾಜರಾಗಿ, ಪೂರ್ತಿ ಬುದ್ಧಿ ನೆಟ್ಟಗಿರುವಾಗಲೇ ಹೇಳಿ ಬರೆಸುತ್ತಿರುವ ಸಂಗತಿ ಏನೆಂದರೆ:

ದೂರಿನಲ್ಲಿ ನನ್ನ ಬಗ್ಗೆ ಮೂರು ಮಾತು ಇವೆ. ನಿನ್ನೆ ಸಂಜೆ ಕೆಂಬಾರೆ ಎಸ್ಟೇಟಿನ ಕಾಫಿ ಕಣದಲ್ಲಿ ನಡೆಯುತ್ತಿದ್ದ ರಾಕ್ ಸಂಗೀತ ಕಾರ್ಯಕ್ರಮದ ಜನರೇಟರನ್ನು ನಾನು ಆರಿಸಿದೆ ಎಂಬುದು ಒಂದು. ಅಡ್ಡ ಬಂದ ಪ್ರಜ್ವಲ್ ಅವರನ್ನು ಹಲಗೆಯಿಂದ ತಳ್ಳಿದೆ ಎಂಬುದು ಇನ್ನೊಂದು. ವಯಸ್ಸಾದ ಕಾರಣ ಏನು ನಡೆಯುತ್ತಿದೆ ಎಂದು ತಿಳಿಯದೆ ಹೀಗೆ ಮಾಡಿದೆ ಎಂಬುದು ಮೂರನೆಯದು. ಮೊದಲ ಎರಡು ನಿಜ. ಮೂರನೆಯದು ಸುಳ್ಳು.

ನಿನ್ನೆಯದಷ್ಟೇ ಹೇಳಿ ಸಾಕು ಎಂದು ಸಾಹೇಬರು ಹೇಳಿದರು. ಬುಡ ಬಿಟ್ಟು ತುದಿ ಹಿಡಿದರೆ ಆಗುವುದಿಲ್ಲವಾದ್ದರಿಂದ 1999ರಿಂದಲೇ ಹೇಳುತ್ತೇನೆಂದು ನಾನು ಕೇಳಿಕೊಂಡೆ. ಅವರು ಒಪ್ಪಿದರು. ಯಾರು ಯಾವ ಮಾತು ಆಡಿದರೋ ಅದನ್ನು ಆಡಿದ ಹಾಗೇ ಬರೆಯಬೇಕೆಂದೂ ಕೇಳಿಕೊಂಡಿದ್ದೇನೆ.

ಸದರಿ ಕಣ ನಮ್ಮ ಮನೆಯಿಂದ ಮುನ್ನೂರು ಗಜ ದೂರದಲ್ಲಿದೆ. ಸಿಮೆಂಟು ಹಾಕಿದ ಕಣ. ಮೇಲಿನ ಕಣ, ಕೆಳಗಿನ ಕಣ ಎಂದು ಎರಡು ಹಂತ, ನಡುವೆ ಎರಡೂವರೆ ಅಡಿ ಎತ್ತರದ ಕಟ್ಟೆ. ಮೇಲೆ ಎಸ್ಟೇಟಿನ ಕಾಫಿ ಒಣಗುತ್ತದೆ. ಸ್ವಂತ ಕಣವಿಲ್ಲದ ನಮ್ಮಂಥ ನಾಲ್ಕು ಮನೆಯವರು ಕೆಳಗೆ ಒಣಗಿಸಿಕೊಳ್ಳುತ್ತೇವೆ. ಇದಕ್ಕೆ ಬಾಡಿಗೆ ಇಲ್ಲ, ಒಂದು ಕಟ್ಟಲೆ ಇದೆ. ಮೋಡ ಕವಿದರೆ ಮೊದಲು ಕಂಡವರು ಕೂಗಬೇಕು. ಕೂಗು ಕಿವಿಗೆ ಬಿದ್ದವರು ಕೈಯಲ್ಲಿರುವ ಕೆಲಸ ಬಿಟ್ಟು ಓಡಿ ಬರಬೇಕು. ಯಾರ ಕಾಫಿ ಎಂದು ನೋಡಬಾರದು, ಹತ್ತಿರವಿದ್ದದ್ದನ್ನು ಮೊದಲು ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಒಣಗಿದ ಕಾಫಿ ಹಣ್ಣು ಒಮ್ಮೆ ನೆನೆದರೆ ಬೂಷ್ಟು ಹಿಡಿದು ವರ್ಷದ ಬೆಳೆಯೇ ಕಪ್ಪಾಗುತ್ತದೆ. ಹಾಗಾಗಿ ಬಾಯಲ್ಲಿ ತುತ್ತಿದ್ದರೂ ಎದ್ದು ಓಡುವುದು ನಮ್ಮ ಕಡೆಯ ರೂಢಿ. ನನ್ನ ನಾದಿನಿಯ ಮದುವೆಯಲ್ಲಿ ಧಾರೆಗೆ ಮುಂಚೆ ಮದುಮಗನೇ ಬಾಸಿಂಗ ಬಿಚ್ಚಿಟ್ಟು ಕಣಕ್ಕೆ ಓಡಿದ್ದರು. ಅವರನ್ನು ಯಾರೂ ಹೇಡಿ ಎನ್ನಲಿಲ್ಲ.

31-01-1999 ಭಾನುವಾರ, ಎಸ್ಟೇಟ್ ಮಾಲೀಕರ ಮಗ ಪ್ರತಾಪ್ ತಾನೂ ಸ್ನೇಹಿತರೂ ಸೇರಿ ಕಟ್ಟಿದ್ದ 'ಗೋಣಿಚೀಲ' ಎಂಬ ರಾಕ್ ತಂಡದ ಕಾರ್ಯಕ್ರಮವನ್ನು ಈ ಕಣದಲ್ಲಿ ಇಟ್ಟುಕೊಂಡಿದ್ದರು. ಆಗ ಅವರಿಗೆ 23 ವರ್ಷ. ಮೇಲಿನ ಕಣದ ಅರ್ಧ ಖಾಲಿ ಮಾಡಿಸಿ, ತಗಡಿನ ಚಪ್ಪರ ಹಾಕಿ ಸ್ಟೇಜು ಕಟ್ಟಿದ್ದರು. ಸಕಲೇಶಪುರದ ಅಮ್ಜದ್ ಅವರ ಮೈಕ್ ಸೆಟ್ಟು. ಪ್ರತಾಪ್ ಗಿಟಾರ್ ಹಿಡಿದು ಹಾಡುವವರು. ಡ್ರಮ್ ಹೊಡೆಯುತ್ತಿದ್ದವರು ಧರ್ಮ, ವಯಸ್ಸು 22, ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದ ಲಕ್ಕಯ್ಯನವರ ಮಗ, ಮದುವೆ ಬ್ಯಾಂಡ್ ಸೆಟ್ಟಿನಲ್ಲಿ ಕಲಿತವರು. ಧರ್ಮನನ್ನು ನಾನು ಮಗುವಿನಿಂದ ಏಕವಚನದಲ್ಲೇ ಕರೆಯುವುದು. ಈ ಕಾಗದದಲ್ಲಿ ಮಾತ್ರ ಬೇಕೆಂದೇ ಬಹುವಚನ ಹಾಕಿಸುತ್ತಿದ್ದೇನೆ.

ಅವರು ಹಾಡಿದ್ದನ್ನು ಹಾಡು ಎಂದು ಹೇಳಿದ್ದರಿಂದ ನಾನೂ ಹಾಡು ಎಂದುಕೊಂಡೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಕಲ್ಲು ಸಿಕ್ಕಿದ ಹಾಗೆ ಕೇಳುತ್ತಿತ್ತು. ಆದರೆ ಧರ್ಮ ಹೊಡೆದದ್ದು ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಕಾಫಿ ಕೆದಕುತ್ತಿದ್ದ ನನ್ನ ಕಾಲೂ ತಾಳ ಹಾಕುತ್ತಿತ್ತು.

ಮಧ್ಯಾಹ್ನ 3-40ಕ್ಕೆ ಘಾಟಿಯ ಕಡೆಯಿಂದ ಮೋಡ ಎದ್ದಿತು. ಜನವರಿಯಲ್ಲಿ ಬರಬಾರದ ಮಳೆ. ನನ್ನ ಯಜಮಾನರು ಕಾಲು ಮುರಿದುಕೊಂಡು ಹಾಸನದ ಆಸ್ಪತ್ರೆಯಲ್ಲಿದ್ದರು. ಕೆಳಗಿನ ಕಣದಲ್ಲಿ ನಮ್ಮ ವರ್ಷದ ಬೆಳೆ ಪೂರ್ತಿ ಹರಡಿತ್ತು, ಇದ್ದದ್ದು ನಾನೊಬ್ಬಳು. 4-05ಕ್ಕೆ ಒಂದು ಗುಡುಗು ಗುಡುಗಿ ಹನಿ ಬಿತ್ತು. ನೆರೆದಿದ್ದವರೆಲ್ಲ ಸ್ಟೇಜಿನ ಕಡೆ ಮುಖ ಮಾಡಿದ್ದರಿಂದ ನನಗೆ ಬೆನ್ನು ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಎತ್ತರದಲ್ಲಿ ಕೂತು ನನ್ನ ಕಡೆ ಮುಖ ಮಾಡಿದ್ದವರು ಧರ್ಮ ಒಬ್ಬರೇ. ನಡುವೆ ಅರವತ್ತು ಅಡಿ. ನಾನು "ಧರ್ಮಾ, ಮಳೆ ಬಂತು ಕಣೋ, ಕಾಫಿ" ಎಂದು ಕೈ ಬೀಸಿ ಎರಡು ಸಲ ಕೂಗಿದೆ. ಅವರು ಕೋಲು ಕೆಳಗೆ ಹಾಕಿ, ಸ್ಟೇಜಿನಿಂದ ಹಾರಿ, ಕಟ್ಟೆ ದಾಟಿ ಬಂದರು.

ಇಬ್ಬರೂ ಸೇರಿ ನನ್ನ ಕಾಫಿ ರಾಶಿ ಮಾಡಿ ಮುಚ್ಚಿದೆವು. ಆಮೇಲೆ ಅವರು ಮೇಲಿನ ಕಣಕ್ಕೆ ಹೋಗಿ, ಲೈನಿನ ಇಬ್ಬರು ಹೆಂಗಸರನ್ನು ಕರೆದುಕೊಂಡು ಪ್ರತಾಪ್ ಅವರ ತಂದೆಯ ಕಾಫಿಯನ್ನೂ ಮುಚ್ಚಿದರು. ಒಟ್ಟು ಇಪ್ಪತ್ತೈದು ನಿಮಿಷ ಆಯಿತು. ಅಷ್ಟು ಹೊತ್ತೂ ಪ್ರತಾಪ್ ಡ್ರಮ್ ಇಲ್ಲದೆ ಒಬ್ಬರೇ ಹಾಡುತ್ತಿದ್ದರು, ಹುಡುಗರು ಮಳೆಯಲ್ಲಿ ನಿಂತು ಚಪ್ಪಾಳೆಯಲ್ಲೇ ತಾಳ ಹಾಕುತ್ತಿದ್ದರು. ಧರ್ಮ ವಾಪಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ತಲೆ ಒರೆಸಿಕೊಳ್ಳಲು ಟವೆಲ್ ಕೊಟ್ಟೆ. "ಹಾಡೇ ಮುಗ್ದೋಯ್ತು ಕಣಮ್ಮ" ಎಂದು ನಕ್ಕರು. ನಾನೂ ನಕ್ಕೆ.

ಆ ದಿನದ ಕಾರ್ಯಕ್ರಮ ಆಮೇಲೆ 'ಕಣದ ರಾಕ್' ಎಂದು ದೊಡ್ಡ ಹೆಸರಾಯಿತು. ಹಾಸನ, ಚಿಕ್ಕಮಗಳೂರು, ಬೆಂಗಳೂರು ಕಡೆಯ ಹುಡುಗರು ಕನ್ನಡದಲ್ಲಿ ರಾಕ್ ಕಟ್ಟುವುದಕ್ಕೆ ಅದೇ ಮೊದಲು ಎಂದು ಹೇಳಿಕೊಳ್ಳುತ್ತಾರೆ. ಕಣ ನೋಡಲೆಂದೇ ಬೈಕಿನಲ್ಲಿ ಬರುತ್ತಾರೆ, ಬೂಟು ಹಾಕಿಕೊಂಡು ಕಾಫಿಯ ಮೇಲೆ ನಿಲ್ಲುತ್ತಾರೆ, ಬೈಸಿಕೊಂಡು ಬಿಚ್ಚುತ್ತಾರೆ. ಬಂದವರೆಲ್ಲ ತಮ್ಮ ಅಣ್ಣನೋ ಮಾವನೋ ಅವತ್ತು ಇಲ್ಲಿ ಇದ್ದರು ಎನ್ನುತ್ತಾರೆ. ಅಷ್ಟೂ ಜನ ಇದ್ದಿದ್ದರೆ ಸಿಮೆಂಟು ಕುಸಿದು ಹೋಗಬೇಕಿತ್ತು. ಇದ್ದದ್ದು ನಾನೂರು ಜನ. ಊಟದ ಎಲೆ ಹಾಕಿಸಿದವಳು ನಾನು.

ಆ ವರ್ಷವೇ ಗೋಣಿಚೀಲ ತಂಡ ಬೆಂಗಳೂರಿಗೆ ಹೋಯಿತು. ಧರ್ಮ ಹೋಗಲಿಲ್ಲ. ಮಾರನಹಳ್ಳಿಯಲ್ಲಿ ಪಲ್ಪರ್, ಸ್ಪ್ರೇ ಪಂಪು ರಿಪೇರಿ ಅಂಗಡಿ ಇಟ್ಟರು. ಅವರಿಗೆ ಊರೇ ಹಿಡಿಸಿರಬೇಕು ಎಂದುಕೊಂಡೆ. ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಕೇಳಬೇಕಿತ್ತು, ಅದು ನನ್ನ ತಪ್ಪು.

12-01-2024ರಂದು ಬೆಳಿಗ್ಗೆ 11ಕ್ಕೆ ಪ್ರತಾಪ್ ಮತ್ತು ದೂರುದಾರರಾದ ಪ್ರಜ್ವಲ್ ನಮ್ಮ ಮನೆಗೆ ಬಂದರು. ಪ್ರಜ್ವಲ್ ಅವರು ಬೆಂಗಳೂರಿನಲ್ಲಿ ಇಂಥ ಕಾರ್ಯಕ್ರಮ ನಡೆಸಿಕೊಡುವ ಕಂಪನಿಯ ಮ್ಯಾನೇಜರ್. ಕಣದ ರಾಕ್‌ಗೆ ಇಪ್ಪತ್ತೈದು ವರ್ಷ ತುಂಬಿದ್ದರಿಂದ ಅದೇ ಜಾಗದಲ್ಲಿ ಮತ್ತೆ ಮಾಡುವುದಾಗಿ ತಿಳಿಸಿದರು. ಕೆಳಗಿನ ಕಣದಲ್ಲಿದ್ದ ನನ್ನ ಕಾಫಿಯನ್ನು ತೆಗೆಸಿಕೊಳ್ಳುತ್ತೇನೆಂದು ನಾನೇ ಹೇಳಿದೆ. ಪ್ರಜ್ವಲ್ ಅವರು "ಬೇಡ ಆಂಟಿ, ಕಾಫಿ ಹಾಗೇ ಇರ್ಲಿ, ಕ್ಯಾಮರಾದಲ್ಲಿ ಚೆನ್ನಾಗಿ ಕಾಣುತ್ತೆ" ಎಂದರು. ಜನ ತುಳಿದರೆ ಏನು ಗತಿ ಎಂದು ಕೇಳಿದ್ದಕ್ಕೆ ಸುತ್ತ ಹಗ್ಗ ಕಟ್ಟಿಸುವುದಾಗಿ ಹೇಳಿದರು. ನೀರಿನ ಮಾತು ಯಾರೂ ಎತ್ತಲಿಲ್ಲ.

ನಿನ್ನೆ 28-01-2024 ಭಾನುವಾರ ಮಧ್ಯಾಹ್ನ 3 ಗಂಟೆಗೆ ನಾನು ಕಣಕ್ಕೆ ಹೋದೆ. ಆಕಾಶದಲ್ಲಿ ಮೋಡವಿರಲಿಲ್ಲ. ಜನ ಸುಮಾರು ಮೂರು ಸಾವಿರ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಧರ್ಮ ಮತ್ತು ಅವರ ಮಗಳು ಸೌಜನ್ಯ ಕುಳಿತಿದ್ದರು. ಸೌಜನ್ಯಳಿಗೆ 17 ವರ್ಷ, ಎರಡನೇ ಪಿಯುಸಿ. ಪ್ರತಾಪ್ ಫೋನ್ ಮಾಡಿ, ಧರ್ಮನನ್ನು ಸ್ಟೇಜಿಗೆ ಕರೆದು ಒಂದು ಹಾಡಿಗೆ ಡ್ರಮ್ ಹೊಡೆಸುತ್ತೇವೆ ಎಂದಿದ್ದರಂತೆ. ಬರುವುದಿಲ್ಲ ಎಂದ ಅಪ್ಪನನ್ನು ಹಟ ಮಾಡಿ ಕರೆತಂದಿದ್ದಳು. ಹುಟ್ಟಿದಾಗಿನಿಂದ ಅಪ್ಪ ಡ್ರಮ್ ಹೊಡೆದದ್ದನ್ನು ಆ ಹುಡುಗಿ ಕಂಡಿರಲಿಲ್ಲ. ಧರ್ಮ ಹೊಸ ನೀಲಿ ಶರಟು ಹಾಕಿದ್ದರು, ಪ್ಯಾಕೆಟ್ಟಿನ ಮಡಿಕೆ ಇನ್ನೂ ಹೋಗಿರಲಿಲ್ಲ.

ಸುತ್ತಲಿದ್ದ ಬಹಳ ಹುಡುಗರು ಒಂದೇ ಥರದ ಕಪ್ಪು ಟೀ ಶರಟು ಹಾಕಿದ್ದರು. ಎದೆಯ ಮೇಲೆ ಎರಡು ಕೋಲು ಹಿಡಿದು ಓಡುವವನ ಚಿತ್ರ. ಇದು ಯಾರು ಎಂದು ಸೌಜನ್ಯಳನ್ನು ಕೇಳಿದೆ. ಆಮೇಲೆ ಹೇಳುತ್ತೇನೆಂದು ಮುಖ ತಿರುಗಿಸಿದಳು.

4-05ಕ್ಕೆ ಸ್ಟೇಜಿನಲ್ಲಿ ಒಂದು ನಾಟಕ ಮಾಡಿದರು. ಉದ್ದ ಕೂದಲಿನ ಟೋಪನ್ ಹಾಕಿದ ಒಬ್ಬನು ಡ್ರಮ್ ಮುಂದೆ ಕುಳಿತನು. ಸ್ಪೀಕರಿನಲ್ಲಿ ಗುಡುಗು ಹಾಕಿದರು. ಅವನು ಅಯ್ಯಯ್ಯೋ ಎಂದು ಕಿರುಚಿ, ಕೋಲು ಎಸೆದು, ಸ್ಟೇಜಿನಿಂದ ಬಿದ್ದು ಎದ್ದು ಓಡಿದನು. ಅಷ್ಟೂ ಜನ ಒಟ್ಟಿಗೆ "ಓಡೋ ಧರ್ಮ, ಓಡೋ" ಎಂದು ಕೂಗಿದರು. ಎಲ್ಲರಿಗೂ ಬಾಯಿಪಾಠ. ಪ್ರತಾಪ್ ನಗುತ್ತಾ ಒಬ್ಬರೇ ಹಾಡತೊಡಗಿದರು.

ನನಗೆ ತಲೆಬುಡ ತಿಳಿಯಲಿಲ್ಲ. ಸೌಜನ್ಯ ನನ್ನ ಕಿವಿಯಲ್ಲಿ, "ಗುಡುಗಿಗೆ ಹೆದ್ರಿ ಅಪ್ಪ ಓಡೋದ್ರು ಅಂತ ಕತೆ ಕಟ್ಟವ್ರೆ ಅಜ್ಜಿ. ನಮ್ ಕಾಲೇಜಲ್ಲೂ ಯಾರಾದ್ರು ಹೆದ್ರುಕೊಂಡ್ರೆ ಧರ್ಮ ಆಗ್ಬುಟ್ಟ ಅಂತಾರೆ. ಓಡೋಗೋನು ಬ್ಯಾಡ ಅಂತ ಬೆಂಗಳೂರಿಗೂ ಕರ್ಕೊಂಡ್ ಹೋಗ್ಲಿಲ್ವಂತೆ" ಎಂದಳು. ನಿಮ್ಮಪ್ಪನಿಗೆ ಇದು ಗೊತ್ತೇ ಎಂದು ಕೇಳಿದೆ. "ಎಲ್ಲಾ ಗೊತ್ತೈತೆ" ಎಂದಳು. ನಾನು ಧರ್ಮನ ಕಡೆ ತಿರುಗಿ, ನಾನು ಕೂಗಿದ್ದಕ್ಕೆ ಬಂದೆ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಸ್ಟೇಜನ್ನೇ ನೋಡುತ್ತಾ, "ಬುಡಿ ಅಮ್ಮ. ಹೇಳಿದ್ರೆ ನಿಮ್ಮನ್ನ ಆಡ್ಕತಿದ್ರು" ಎಂದರು.

ಒಬ್ಬ ಮನುಷ್ಯ ನನ್ನ ಒಂದು ಕೂಗಿಗೆ ಓಗೊಟ್ಟು ಕಸುಬು ಕಳೆದುಕೊಂಡಿದ್ದಾನೆ, ಹೆಸರು ಕಳೆದುಕೊಂಡಿದ್ದಾನೆ. ಅವನು ಉಳಿಸಿದ ಕಾಫಿಯಿಂದ ಉಂಡವರು ಅವನನ್ನೇ ಕರೆದು ಮುಂದೆ ಕೂರಿಸಿಕೊಂಡು, ಮಗಳ ಎದುರಿಗೆ ನಗುತ್ತಿದ್ದಾರೆ. ಇದು ಯಾವ ಸೀಮೆಯ ಮರ್ಯಾದೆ ಎಂದು ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

4-12ಕ್ಕೆ ಮಳೆ ಬಂತು. ದೇವರ ಮಳೆಯಲ್ಲ, ಟ್ಯಾಂಕರಿನ ಮಳೆ. ಅವತ್ತಿನ ಹಾಗೆಯೇ ಇರಲಿ ಎಂದು ಎಸ್ಟೇಟಿನ ಕಾಫಿ ಸ್ಟೋರಿನ ಹಿಂದೆ ನೀರಿನ ಟ್ಯಾಂಕರ್ ನಿಲ್ಲಿಸಿ, ಎತ್ತರಕ್ಕೆ ಪೈಪು ಕಟ್ಟಿ, ಮೋಟಾರಿನಿಂದ ಹೊಡೆಸಿದರು. ಕುಣಿಯುತ್ತಿದ್ದವರ ಮೇಲೆ ಬಿದ್ದದ್ದು ಸ್ವಲ್ಪ, ಹಗ್ಗ ಕಟ್ಟಿದ್ದ ಜಾಗದಲ್ಲಿ ಒಣಗುತ್ತಿದ್ದ ನನ್ನ ಕಾಫಿಯ ಮೇಲೆ ಬಿದ್ದದ್ದು ಬಹಳ. ಈ ಸಲ ಯಾರೂ ಕೂಗಲಿಲ್ಲ. ಧರ್ಮ ತಾವಾಗಿಯೇ ಎದ್ದು, ಕಟ್ಟೆ ಹಾರಿ ಕಾಫಿಯ ಕಡೆ ಓಡಿದರು. ಆ ಓಟವನ್ನು ಅಲ್ಲಿದ್ದ ದೊಡ್ಡ ಪರದೆಯಲ್ಲಿ ತೋರಿಸಿದರು. ಜನ ಬಿದ್ದು ಬಿದ್ದು ನಕ್ಕರು. "ನಿಜವಾದ ಧರ್ಮನೇ ಓಡ್ದ ಕಣ್ರೋ" ಎಂದು ನನ್ನ ಹಿಂದಿದ್ದವನು ಕೇಕೆ ಹಾಕಿದನು.

ನಾನು ಕಾಫಿಯ ಕಡೆ ಹೋಗಲಿಲ್ಲ. ಹೆಗ್ಗದ್ದೆಗೆ ಸೊಸೆಯಾಗಿ ಬಂದ ನಲವತ್ತೈದು ವರ್ಷದಲ್ಲಿ ಕಾಫಿ ನೆನೆಯುತ್ತಿರುವಾಗ ಬೇರೆ ಕಡೆ ಹೋದದ್ದು ಇದೇ ಮೊದಲು. ಕಟ್ಟೆಗೆ ಒರಗಿಸಿದ್ದ, ಕಾಫಿ ಗೋರುವ ಉದ್ದ ಹಿಡಿಯ ಹಲಗೆಯನ್ನು ಊರಿಕೊಂಡು ಜನರೇಟರ್ ಕಡೆ ನಡೆದೆ. ನನ್ನ ಕುರ್ಚಿಯಿಂದ ನೂರಹತ್ತು ಅಡಿ ದೂರ. ದಾರಿಯಲ್ಲಿ ಪ್ರಜ್ವಲ್ ಅವರು ಎರಡೂ ಕೈ ಚಾಚಿ ಅಡ್ಡ ನಿಂತು, ಈ ಕಡೆ ಬರುವ ಹಾಗಿಲ್ಲ ಎಂದರು. ಹಲಗೆಯನ್ನು ಅವರ ಎದೆಗೆ ಇಟ್ಟು ಪಕ್ಕಕ್ಕೆ ತಳ್ಳಿದೆ. ಅವರ ಫೋನ್ ಕೆಳಗೆ ಬಿತ್ತು. ತಳ್ಳಿದ್ದು ನಿಜ, ಹೊಡೆದಿಲ್ಲ. ಹೊಡೆದಿದ್ದರೆ ಅವರು ದೂರು ಕೊಡಲು ಇಷ್ಟು ಬೇಗ ಎದ್ದು ಬರುತ್ತಿರಲಿಲ್ಲ.

ಜನರೇಟರ್ ನೋಡಿಕೊಳ್ಳುತ್ತಿದ್ದವರು ಅದೇ ಅಮ್ಜದ್. ಆರಿಸು ಎಂದೆ. "ಕೈ ಇಕ್ಬೇಡಿ ಅಮ್ಮ, ನನ್ ಹೆಸ್ರು ಕೆಡ್ತೈತೆ" ಎಂದರು. ಕೆಂಪು ಗುಂಡಿಯನ್ನು ನಾನೇ ಒತ್ತಿದೆ. ಕೆಂಪು ಗುಂಡಿ ಯಾವುದು ಎಂದು ಯಾರೂ ತೋರಿಸಿಕೊಡಬೇಕಾಗಿಲ್ಲ, ಆದ್ದರಿಂದ ಅಮ್ಜದ್ ಅವರನ್ನು ಇದರಲ್ಲಿ ಸೇರಿಸಬಾರದು. ಆಗ ಸಮಯ 4-17. ಹಾಡು, ಪರದೆ, ನೀರಿನ ಮೋಟಾರು ಎಲ್ಲ ನಿಂತವು. ಮತ್ತೆ ಚಾಲೂ ಮಾಡಿ ಎಂದು ಪ್ರಜ್ವಲ್ ಅವರು ಮೂರು ಸಲ ಹೇಳಿದರೂ ಅಮ್ಜದ್ ಡೀಸೆಲ್ ನೋಡುತ್ತೇನೆ, ವೈರು ನೋಡುತ್ತೇನೆ ಎನ್ನುತ್ತಲೇ ಇದ್ದರು. 1999ರಲ್ಲಿ ಅವರೂ ಕಣದಲ್ಲಿ ಇದ್ದರು ಎಂಬುದನ್ನಷ್ಟೇ ತಿಳಿಸುತ್ತೇನೆ.

ನಾನು ಸ್ಟೇಜಿನ ಮೆಟ್ಟಿಲು ಹತ್ತಿದೆ. ಮಂಡಿ ನೋವಿನಿಂದ ಸ್ವಲ್ಪ ಹೊತ್ತು ಹಿಡಿಯಿತು. ಮೈಕು ಸತ್ತಿದ್ದರಿಂದ ಬಾಯಲ್ಲೇ ಹೇಳಿದೆ. ಅವತ್ತು ಧರ್ಮನನ್ನು ಕೂಗಿದವಳು ನಾನು, ಗುಡುಗಿಗೆ ಯಾರೂ ಹೆದರಲಿಲ್ಲ, ಅವರು ಹೋದದ್ದು ಕಾಫಿ ಮುಚ್ಚಲು, ಈಗ ಅಲ್ಲಿ ಬಗ್ಗಿ ಮಾಡುತ್ತಿರುವುದೂ ಅದನ್ನೇ, ಕಣ್ಣಿದ್ದರೆ ತಿರುಗಿ ನೋಡಿ ಎಂದು ಹೇಳಿದೆ. ಮುಂದಿದ್ದವರಿಗೆ ಕೇಳಿಸಿತು. ಅವರು ಹಿಂದಿನವರಿಗೆ ಹೇಳಿದರು. ಮಾತು ಕೊನೆಯ ಸಾಲು ಮುಟ್ಟಲು ಐದು ನಿಮಿಷವಾದರೂ ಆಗಿರಬಹುದು. ಮುಟ್ಟುತ್ತಾ ಮುಟ್ಟುತ್ತಾ ಗಲಾಟೆ ನಿಂತಿತು.

ಪ್ರತಾಪ್ ಹತ್ತಿರ ಬಂದು ಮೆಲ್ಲಗೆ, "ದೊಡ್ಡಮ್ಮ, ಅದೆಲ್ಲ ತಮಾಷೆಗೆ ಹೇಳ್ಕೊಂಡ್ ಬಂದಿದ್ದು ಅಷ್ಟೇ, ಯಾರ್ಗೂ ನೋವು ಮಾಡಕ್ಕಲ್ಲ" ಎಂದರು. ನಾನು ಎಲ್ಲರ ಎದುರಿಗೇ, ಅವತ್ತು ನಿಮ್ಮಪ್ಪನ ಕಾಫಿ ಮುಚ್ಚಿದ್ದು ಯಾರು ಎಂದು ಕೇಳಿದೆ. ಅವರು ಗಿಟಾರಿನ ತಂತಿ ನೋಡುತ್ತಾ ಧರ್ಮ ಎಂದರು. ಗಟ್ಟಿಯಾಗಿ ಹೇಳು ಎಂದೆ. ಗಟ್ಟಿಯಾಗಿ ಹೇಳಿದರು. ಪ್ಲಾಂಟರ ಮನೆಯ ಮಗ. ಮಳೆ ಬಂದಾಗ ಕಾಫಿಗೆ ಓಡುವುದು ಏನೆಂದು ಬೆಂಗಳೂರಿನವರಿಗೆ ಗೊತ್ತಿಲ್ಲದಿದ್ದರೆ ಕ್ಷಮಿಸಬಹುದು. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಇಪ್ಪತ್ತೈದು ವರ್ಷ ನಗಿಸಿಕೊಂಡು ಬಂದರು.

ಅಷ್ಟರಲ್ಲಿ ಧರ್ಮ ಕಾಫಿ ಮುಚ್ಚಿ ಬಂದರು. ಶರಟು ಪೂರ್ತಿ ನೆಂದಿತ್ತು. "ಅರ್ಧ ನೆಂದೋಯ್ತು ಕಣಮ್ಮ" ಎಂದರು. ಕಾಫಿ ಹಾಳಾಗಿ ಹೋಗಲಿ, ಸೌಜನ್ಯ ಕೂತಿದ್ದಾಳೆ, ಹೊಡಿ ಎಂದೆ. ಕರೆಂಟಿಲ್ಲವಲ್ಲ ಎಂದು ಪ್ರಜ್ವಲ್ ಕೆಳಗಿನಿಂದ ಹೇಳಿದರು. ಡ್ರಮ್ಮಿಗೆ ಕರೆಂಟು ಬೇಕಾಗಿಲ್ಲ ಎಂಬುದು ಇಷ್ಟು ದೊಡ್ಡ ಕಂಪನಿ ನಡೆಸುವವರಿಗೆ ಹೊಳೆದಿರಲಿಲ್ಲ.

ಧರ್ಮ ನೆಲದಲ್ಲಿದ್ದ ಕೋಲು ಎತ್ತಿಕೊಂಡು ಡ್ರಮ್ ಮುಂದೆ ಕುಳಿತರು. ಆಮೇಲೆ ಶುರು ಮಾಡಿದರು. 4-46ರಿಂದ 4-57ರವರೆಗೆ ಹನ್ನೊಂದು ನಿಮಿಷ ಒಬ್ಬರೇ ಹೊಡೆದರು. ಮೊದಲು ಎರಡು ಕಡೆ ಕೈ ತಪ್ಪಿತು, ನನಗೂ ತಿಳಿಯಿತು. ಆಮೇಲೆ ತಪ್ಪಲಿಲ್ಲ. ಪ್ರತಾಪ್ ಹಾಡಲಿಲ್ಲ. ಮೂರು ಸಾವಿರ ಜನರಲ್ಲಿ ಒಬ್ಬರೂ ಕೂಗಲಿಲ್ಲ. ಸೌಜನ್ಯ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಆದ್ದರಿಂದ ನನ್ನಿಂದ ಕಾರ್ಯಕ್ರಮ ನಿಂತುಹೋಯಿತು ಎಂದು ಯಾರಾದರೂ ಹೇಳಿದರೆ ಅದು ಕೂಡ ಸರಿಯಲ್ಲ.

ಈ ದಿನ ಬೆಳಿಗ್ಗೆ 8-30ಕ್ಕೆ ಪ್ರಜ್ವಲ್ ಅವರು ಫೋನ್ ಮಾಡಿ, ವಯಸ್ಸಾಗಿ ಗೊತ್ತಾಗದೆ ಮಾಡಿದೆ ಎಂದು ನಾನು ಬರೆದುಕೊಟ್ಟರೆ ದೂರು ವಾಪಸ್ ತೆಗೆದುಕೊಳ್ಳುವುದಾಗಿ ಹೇಳಿದರು. ಅವರು ಫೋನ್ ಇಟ್ಟ ಮೇಲೆ, ಅಪ್ಪನ ಜೊತೆ ನಮ್ಮ ಮನೆಗೆ ಬಂದಿದ್ದ ಸೌಜನ್ಯ ತನ್ನ ಮೊಬೈಲ್ ತೋರಿಸಿದಳು. ಧರ್ಮ ಡ್ರಮ್ ಹೊಡೆದ ವಿಡಿಯೋವನ್ನು ಆ ಕಂಪನಿಯವರು ರಾತ್ರಿಯೇ ಹಾಕಿದ್ದಾರೆ. ಮೇಲೆ 'ಓಡಿಹೋದ ಡ್ರಮ್ಮರ್ ಮರಳಿ ಬಂದ' ಎಂದು ದೊಡ್ಡದಾಗಿ ಬರೆದಿದ್ದಾರೆ. ಲಕ್ಷ ಜನ ನೋಡಿದ್ದಾರಂತೆ. ಎದುರಿಗೆ ನಿಂತು ಕೇಳಿಸಿಕೊಂಡವರು ರಾತ್ರಿ ಕಳೆಯುವುದರೊಳಗೆ ಮತ್ತೆ ಅದೇ ಸುಳ್ಳನ್ನು ಬರೆಯುತ್ತಾರೆಂದರೆ ಇವರಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಅದಕ್ಕಾಗಿಯೇ ಠಾಣೆಯ ಫೋನ್ ಬಂದ ತಕ್ಷಣ ಇಲ್ಲಿಗೆ ಬಂದೆ.

ನಾನು ಬರೆದುಕೊಡುವುದಿಲ್ಲ. ಗೊತ್ತಿದ್ದೇ ಮಾಡಿದೆ. ನೆನೆದ ಕಾಫಿಗೆ ನನಗೆ ಯಾರಿಂದಲೂ ಏನೂ ಬೇಡ. ನನ್ನ ಮೇಲೆ ಯಾವ ಕಲಂ ಹಾಕಬೇಕೋ ಹಾಕಲಿ. ಆದರೆ 31-01-1999ರಂದು ಸಂಜೆ 4-05ಕ್ಕೆ ಧರ್ಮ ಬಿನ್ ಲಕ್ಕಯ್ಯ ಅವರು ಸ್ಟೇಜು ಬಿಟ್ಟದ್ದು ರಾಜಲಕ್ಷ್ಮಮ್ಮ ಕೋಂ ವೆಂಕಟೇಶ ಕೂಗಿದ್ದರಿಂದ ಎಂದು ಒಂದು ಸರ್ಕಾರಿ ಕಾಗದದಲ್ಲಾದರೂ ಇರಬೇಕು. ನಗುವುದೇ ಇದ್ದರೆ ಇನ್ನು ಮುಂದೆ ನನ್ನ ಹೆಸರು ಹಿಡಿದು ನಗಲಿ. ಈ ಹೇಳಿಕೆಯ ಒಂದು ಪ್ರತಿಯನ್ನು ಸೌಜನ್ಯಳ ಕೈಗೆ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಹೇಳಿದ್ದನ್ನು ಬರೆದುಕೊಂಡು ಮಧ್ಯಾಹ್ನ 12-40ಕ್ಕೆ ನನಗೆ ಓದಿ ಹೇಳಿದರು. ನನ್ನನ್ನು ಬೈಕಿನಲ್ಲಿ ಕರೆತಂದಿದ್ದ ಧರ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದರು. ಓದುವುದು ಅರ್ಧಕ್ಕೆ ಬಂದಾಗ ಎದ್ದು ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯಲು ಹೋದರು. ಎರಡು ನಿಮಿಷಕ್ಕೆ ವಾಪಸ್ ಬಂದು ಅದೇ ಜಾಗದಲ್ಲಿ ಕುಳಿತು ಪೂರ್ತಿ ಕೇಳಿದರು. ಇದನ್ನೂ ಹೇಳಿ ಬರೆಸಿದ್ದೇನೆ.

ಬರೆದದ್ದಕ್ಕೂ ನಾನು ಹೇಳಿದ್ದಕ್ಕೂ ವ್ಯತ್ಯಾಸವಿಲ್ಲ, ಹೇಳಿದ್ದಕ್ಕೂ ನಡೆದದ್ದಕ್ಕೂ ವ್ಯತ್ಯಾಸವಿಲ್ಲ ಎಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಸಕಲೇಶಪುರ
ದಿನಾಂಕ: 29-01-2024

(ಸಹಿ)
ರಾಜಲಕ್ಷ್ಮಮ್ಮ